ಜಾಯ್-ಕಾನ್ ಡ್ರಿಫ್ಟ್: ದೋಷದ ವಿಚಾರಣೆಯೇ ನಡೆಯದ ದಾವೆ

2019ರ ಜುಲೈ 19ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಪಶ್ಚಿಮ ಜಿಲ್ಲೆಯ ಫೆಡರಲ್ ನ್ಯಾಯಾಲಯದಲ್ಲಿ ನಿಂಟೆಂಡೊ ಆಫ್ ಅಮೆರಿಕ ಕಂಪನಿಯ ಮೇಲೆ ಒಂದು ದಾವೆ ದಾಖಲಾಯಿತು. ದೂರು ಆಟ ಆಡುವ ಮಕ್ಕಳಿಗೂ ಅರ್ಥವಾಗುವಂಥದ್ದು. ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರದ ಜೊತೆ ಬರುವ ಜಾಯ್-ಕಾನ್ ಕಂಟ್ರೋಲರ್‌ನ ಸ್ಟಿಕ್ ಮೇಲೆ ಬೆರಳೇ ಇಲ್ಲದಿದ್ದರೂ ಪರದೆಯಲ್ಲಿ ಪಾತ್ರ ತಾನಾಗಿ ನಡೆಯುತ್ತದೆ, ಕ್ಯಾಮೆರಾ ತಾನಾಗಿ ತಿರುಗುತ್ತದೆ, ಮೆನುವಿನಲ್ಲಿ ಆಯ್ಕೆ ತಾನಾಗಿ ಕೆಳಗಿಳಿಯುತ್ತದೆ. ಆಟಗಾರರು ಇದನ್ನು ಡ್ರಿಫ್ಟ್ ಎನ್ನುತ್ತಾರೆ. ಇದು ಬಳಸಿದವರ ತಪ್ಪಲ್ಲ, ವಿನ್ಯಾಸದಲ್ಲೇ ಇರುವ ದೋಷ. ಕಂಪನಿಗೆ ಇದು ಗೊತ್ತಿತ್ತು, ಗೊತ್ತಿದ್ದೂ ಹೇಳದೆ ಮಾರಿತು ಎಂಬುದು ದಾವೆ ಹೂಡಿದವರ ವಾದ.

ಸ್ವಿಚ್ ಮಾರುಕಟ್ಟೆಗೆ ಬಂದದ್ದು 2017ರ ಮಾರ್ಚ್ 3ರಂದು, 299.99 ಡಾಲರ್ ಬೆಲೆಗೆ. ಅದು ಈವರೆಗೆ 15 ಕೋಟಿಗೂ ಹೆಚ್ಚು ಮಾರಾಟವಾಗಿದೆ. ಇಷ್ಟು ದೊಡ್ಡ ಸಂಖ್ಯೆಯ ಯಂತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಒಂದು ತೊಂದರೆಯ ಬಗ್ಗೆ ಕೋರ್ಟು ಏನು ಹೇಳಿತು ಎಂದು ಕೇಳಿದರೆ ಉತ್ತರ ಬೇಸರ ತರಿಸುತ್ತದೆ. ಅಮೆರಿಕದಲ್ಲಿ ನಡೆದ ಈ ಹೋರಾಟದ ಮುಖ್ಯ ಘಟ್ಟಗಳಲ್ಲಿ ಸ್ಟಿಕ್ ಕೆಟ್ಟದ್ದೋ ಅಲ್ಲವೋ ಎಂಬ ಪ್ರಶ್ನೆ ತೀರ್ಮಾನದ ಹಂತಕ್ಕೆ ಬರಲೇ ಇಲ್ಲ. ಆ ಪ್ರಶ್ನೆಯನ್ನು ಯಾರ ಮುಂದೆ ಕೇಳಬೇಕು ಎಂಬ ಜಗಳದಲ್ಲೇ ವರ್ಷಗಳು ಕಳೆದವು. ಗ್ರಾಹಕರಿಗೆ ಸಿಕ್ಕ ಪರಿಹಾರ ಬಂದದ್ದು ಬೇರೆ ದಾರಿಯಿಂದ, ಬಹುಪಾಲು ಬೇರೆ ಖಂಡದಿಂದ.

ಸ್ಟಿಕ್ ಒಳಗೆ ಏನಿದೆ

ಜಗಳ ಯಾವುದರ ಬಗ್ಗೆ ಎಂದು ತಿಳಿಯಲು ಸ್ಟಿಕ್ ಬಿಚ್ಚಿ ನೋಡಬೇಕು. ಹೆಬ್ಬೆರಳಿನಲ್ಲಿ ಅಲ್ಲಾಡಿಸುವ ಆ ಪುಟ್ಟ ಗುಬುಟಿನ ಬುಡದಲ್ಲಿ ಸ್ಥಾನ ಅಳೆಯುವ ಎರಡು ವ್ಯವಸ್ಥೆಗಳಿವೆ. ಒಂದು ಎಡ-ಬಲಕ್ಕೆ, ಇನ್ನೊಂದು ಮೇಲೆ-ಕೆಳಕ್ಕೆ. ಇವು ಪೊಟೆನ್ಶಿಯೋಮೀಟರ್‌ಗಳು, ಹಳೆಯ ರೇಡಿಯೊದಲ್ಲಿ ಧ್ವನಿ ಏರಿಳಿಸುತ್ತಿದ್ದ ಭಾಗದ ಜಾತಿಯವು. ತೆಳುವಾದ ಹಾಳೆಯ ಮೇಲೆ ಕಾರ್ಬನ್ ಪಟ್ಟಿ ಇರುತ್ತದೆ. ಸ್ಟಿಕ್ ವಾಲಿದಂತೆಲ್ಲ ಲೋಹದ ಸಣ್ಣ ಕಡ್ಡಿಗಳು ಆ ಪಟ್ಟಿಯ ಮೇಲೆ ಉಜ್ಜುತ್ತಾ ಜಾರುತ್ತವೆ. ಕಡ್ಡಿ ಪಟ್ಟಿಯ ಯಾವ ಜಾಗದಲ್ಲಿದೆಯೋ ಅದಕ್ಕೆ ತಕ್ಕಂತೆ ವೋಲ್ಟೇಜ್ ಬದಲಾಗುತ್ತದೆ. ಯಂತ್ರ ಓದುವುದು ಆ ವೋಲ್ಟೇಜನ್ನು ಮಾತ್ರ. ನಿಮ್ಮ ಬೆರಳು ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಉಜ್ಜಿದರೆ ಸವೆಯುತ್ತದೆ. ಕಾಗದದ ಮೇಲಿನ ಪೆನ್ಸಿಲ್ ಗೆರೆಯನ್ನು ಬೆರಳಲ್ಲಿ ತಿಕ್ಕುತ್ತಿದ್ದರೆ ಹೇಗೋ ಹಾಗೆ ಕಾರ್ಬನ್ ಪದರ ತೆಳುವಾಗುತ್ತದೆ, ಕಿತ್ತ ಪುಡಿ ಅಲ್ಲೇ ಆಚೀಚೆ ಕೂರುತ್ತದೆ. ಪಟ್ಟಿಯ ರೋಧ ಮೊದಲಿನಂತೆ ಇರುವುದಿಲ್ಲ, ಕಡ್ಡಿಯ ಸಂಪರ್ಕವೂ ಸರಿಯಾಗಿ ಕೂರುವುದಿಲ್ಲ. ಆಗ ಸ್ಟಿಕ್ ಸುಮ್ಮನೆ ನಡುವೆ ನಿಂತಿದ್ದರೂ ಹೊರಡುವ ವೋಲ್ಟೇಜ್ 'ಸ್ವಲ್ಪ ಎಡಕ್ಕೆ ವಾಲಿದೆ' ಎನ್ನುತ್ತದೆ. ಸಾಫ್ಟ್‌ವೇರ್ ನಡುಬಿಂದುವಿನ ಸುತ್ತ ಒಂದಿಷ್ಟು ಅಂಚನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿರುತ್ತದೆ. ಅದಕ್ಕೆ ಡೆಡ್ ಝೋನ್ ಎಂದು ಹೆಸರು. ಸವೆತ ಆ ಅಂಚಿನೊಳಗೆ ಇರುವವರೆಗೂ ಆಟಗಾರನಿಗೆ ಏನೂ ಗೊತ್ತಾಗುವುದಿಲ್ಲ. ಅಂಚು ದಾಟಿದ ದಿನ ಪಾತ್ರ ನಡೆಯಲು ಶುರು ಮಾಡುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಲಿಬ್ರೇಷನ್ ಮಾಡಿದರೆ, ಅಂದರೆ ಸ್ಟಿಕ್‌ನ ನಡುಬಿಂದುವನ್ನು ಮತ್ತೆ ಹೊಂದಿಸಿದರೆ, ಕೆಲವು ದಿನ ಸರಿಹೋದಂತೆ ಕಾಣುವುದು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಇನ್ನಷ್ಟು ದಿನ ತಳ್ಳುವುದು, ಆಮೇಲೆ ಅದೇ ರೋಗ ಮರಳುವುದು, ಎಲ್ಲಕ್ಕೂ ಕಾರಣ ಇದೇ. ಸವೆದ ಪದರ ಯಾವ ಸೆಟ್ಟಿಂಗ್ಸ್‌ನಿಂದಲೂ ಮತ್ತೆ ಬೆಳೆಯುವುದಿಲ್ಲ.

ಇದು ಆಟಗಾರರ ಊಹೆಯಾಗಿ ಮಾತ್ರ ಉಳಿಯಲಿಲ್ಲ. ಬ್ರಿಟನ್ನಿನ ಗ್ರಾಹಕ ಸಂಸ್ಥೆ 'ವಿಚ್?' ಡ್ರಿಫ್ಟ್ ಬಂದಿದ್ದ ಜಾಯ್-ಕಾನ್‌ಗಳನ್ನು ಪ್ರಯೋಗಾಲಯದಲ್ಲಿ ಬಿಚ್ಚಿಸಿ 2022ರ ಡಿಸೆಂಬರ್‌ನಲ್ಲಿ ಫಲಿತಾಂಶ ಪ್ರಕಟಿಸಿತು. ಜಾರುವ ಕಡ್ಡಿ ತಾಗುವ ಜಾಗದಲ್ಲಿ ಎದ್ದು ಕಾಣುವ ಸವೆತವಿತ್ತು, ರಕ್ಷಣೆಗೆಂದು ಹಾಕಿದ ಪೊರೆಯನ್ನು ದಾಟಿ ಧೂಳು ಒಳಗೆ ಸೇರಿತ್ತು. ಯಾಂತ್ರಿಕ ದೋಷವೇ ಕಾರಣವಿರಬಹುದು ಎಂದು ಸಂಸ್ಥೆ ಹೇಳಿತು.

ಕಂಪನಿಯ ಇಂಜಿನಿಯರ್‌ಗಳೂ ಸವೆತವನ್ನು ಅಲ್ಲಗಳೆದಿಲ್ಲ. 2021ರ ಅಕ್ಟೋಬರ್‌ನಲ್ಲಿ ಸ್ವಿಚ್‌ನ ಓಎಲ್‌ಇಡಿ ಮಾದರಿ ಬಂದಾಗ ನಿಂಟೆಂಡೊ ತಾನೇ ಪ್ರಕಟಿಸಿದ ಸಂದರ್ಶನದಲ್ಲಿ ತಂತ್ರಜ್ಞಾನ ವಿಭಾಗದ ಹಿರಿಯ ಅಧಿಕಾರಿ ಕೋ ಶಿಯೊಟಾ ಸ್ಟಿಕ್ ಸವೆತವನ್ನು ಕಾರಿನ ಟೈರಿಗೆ ಹೋಲಿಸಿದರು. ನೆಲಕ್ಕೆ ಉಜ್ಜುತ್ತಾ ಉರುಳುವ ಟೈರು ಹೇಗೆ ಸವೆಯುತ್ತದೋ ಹಾಗೆ ಇದೂ ಸವೆಯುತ್ತದೆ, ಅದನ್ನು ಪೂರ್ತಿ ತಪ್ಪಿಸಲಾಗದು, ಬಾಳಿಕೆ ಹೆಚ್ಚಿಸಲು ನಿರಂತರವಾಗಿ ಸುಧಾರಿಸುತ್ತಿದ್ದೇವೆ ಎಂಬುದು ಅವರ ಮಾತಿನ ಸಾರ. ಪ್ರಾಮಾಣಿಕ ಮಾತು, ಒಪ್ಪುತ್ತೇನೆ. ಆದರೆ ಟೈರಿನ ಮೇಲೆ ಸವೆತದ ಗುರುತು ಇರುತ್ತದೆ, ಎಷ್ಟು ಸಾವಿರ ಕಿಲೋಮೀಟರ್ ಬಾಳಿಕೆ ಬರುತ್ತದೆ ಎಂದು ಕೊಳ್ಳುವಾಗಲೇ ಕೇಳಬಹುದು, ಬದಲಿಸುವುದು ದಾರಿಬದಿಯ ಕೆಲಸ. ಸ್ವಿಚ್ ಡಬ್ಬಿಯ ಮೇಲೆ ಸ್ಟಿಕ್ ಇಷ್ಟು ಕಾಲಕ್ಕೆ ಸವೆಯುತ್ತದೆ ಎಂದು ಬರೆದಿರಲಿಲ್ಲ. ದಾವೆಯ ನಿಜವಾದ ಪ್ರಶ್ನೆ ಇದೇ ಆಗಬೇಕಿತ್ತು: ಸವೆಯುವುದು ಸಹಜ ಎಂದ ಮಾತ್ರಕ್ಕೆ ಇಷ್ಟು ಬೇಗ ಸವೆಯುವುದೂ ಸಹಜವೇ?

ಸವೆಯದ ದಾರಿ ಇರಲಿಲ್ಲವೇ ಎಂದರೆ, ಇತ್ತು. ಅಯಸ್ಕಾಂತದ ಚಲನೆಯನ್ನು ಮುಟ್ಟದೆಯೇ ಗ್ರಹಿಸುವ ಹಾಲ್ ಎಫೆಕ್ಟ್ ಸೆನ್ಸರ್‌ಗಳನ್ನು ಸೆಗಾ ಕಂಪನಿ 1996ರ ಸ್ಯಾಟರ್ನ್ ಕಂಟ್ರೋಲರ್‌ನಲ್ಲೂ ಆಮೇಲೆ ಡ್ರೀಮ್‌ಕ್ಯಾಸ್ಟ್‌ನಲ್ಲೂ ಬಳಸಿತ್ತು. ಅಂದರೆ ಪೊಟೆನ್ಶಿಯೋಮೀಟರ್ ಬಳಸಿದ್ದು ಬೇರೆ ಗತಿಯಿಲ್ಲದೆ ಅಲ್ಲ. ಅದು ಒಂದು ಆಯ್ಕೆ. ಮೈಕ್ರೋಸಾಫ್ಟ್, ಸೋನಿ ಕೂಡ ಅದೇ ಆಯ್ಕೆ ಮಾಡಿದವು. ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಳ ಬಗ್ಗೆ 2020ರ ಏಪ್ರಿಲ್‌ನಲ್ಲಿ, ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್ ಬಗ್ಗೆ 2021ರ ಫೆಬ್ರವರಿಯಲ್ಲಿ ಇದೇ ಬಗೆಯ ದಾವೆಗಳು ಅಮೆರಿಕದಲ್ಲಿ ದಾಖಲಾದವು.

ದಾವೆ ಬಂತು, ರಿಪೇರಿ ಉಚಿತವಾಯಿತು

ದಾವೆ ದಾಖಲಾದ ಕೆಲವೇ ದಿನಗಳಲ್ಲಿ ಒಂದು ಬದಲಾವಣೆ ಕಂಡಿತು. ಡ್ರಿಫ್ಟ್ ಬಂದ ಜಾಯ್-ಕಾನ್‌ಗಳನ್ನು ಉಚಿತವಾಗಿ ರಿಪೇರಿ ಮಾಡಿಕೊಡಬೇಕು, ಖರೀದಿಯ ರಸೀದಿ ಕೇಳಬೇಕಿಲ್ಲ, ಮೊದಲೇ ದುಡ್ಡು ಕೊಟ್ಟವರು ಕೇಳಿದರೆ ಹಿಂತಿರುಗಿಸಬೇಕು ಎಂದು ಅಮೆರಿಕದ ಗ್ರಾಹಕ ಸೇವಾ ಸಿಬ್ಬಂದಿಗೆ ಒಳ ಸೂಚನೆ ಹೋಗಿದೆ ಎಂದು ವೈಸ್ ಸುದ್ದಿಸಂಸ್ಥೆ ವರದಿ ಮಾಡಿತು. ಅಲ್ಲಿಯವರೆಗೆ ವಾರಂಟಿ ಮುಗಿದವರು ಕೈಯಿಂದ ಹಣ ತೆತ್ತು ರಿಪೇರಿ ಮಾಡಿಸುತ್ತಿದ್ದರು.

ಈ ಹೆಜ್ಜೆಯನ್ನು ನಾನು ಕಡಿಮೆ ಎಂದು ನೋಡುವುದಿಲ್ಲ. ಮನೆಯಲ್ಲಿ ಮಗುವಿನ ಆಟ ನಿಂತುಹೋದ ತಾಯಿಗೆ ತೀರ್ಪಿಗಿಂತ ಸರಿಯಾದ ಸ್ಟಿಕ್ ಮುಖ್ಯ. ಆದರೆ ಒಳ ಸೂಚನೆ ಹಕ್ಕಲ್ಲ. ಅದನ್ನು ಕೊಟ್ಟವರು ಯಾವತ್ತು ಬೇಕಾದರೂ ಹಿಂತೆಗೆಯಬಹುದು. ಸುದ್ದಿ ಓದದವರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ರಿಪೇರಿಯಾಗಿ ಬಂದದ್ದರಲ್ಲೂ ಅದೇ ತತ್ವದ ಸ್ಟಿಕ್ ಇರುತ್ತದೆ. ಮತ್ತೆ ಸವೆಯುತ್ತದೆ, ಮತ್ತೆ ಕಳಿಸಬೇಕು. ಸ್ವಿಚ್ ಲೈಟ್ ಮಾದರಿಯಲ್ಲಂತೂ ಕಂಟ್ರೋಲರ್ ಯಂತ್ರಕ್ಕೇ ಅಂಟಿಕೊಂಡಿದೆ, ಬೇರೆ ಮಾಡಿ ಕಳಿಸಲು ಬರುವುದಿಲ್ಲ, ಇಡೀ ಯಂತ್ರವನ್ನೇ ಒಪ್ಪಿಸಬೇಕು. ಆ ಮಾದರಿ 2019ರ ಸೆಪ್ಟೆಂಬರ್ 20ರಂದು ಮಾರಾಟಕ್ಕೆ ಬಂದ ಕೂಡಲೇ ವಕೀಲರು ದಾವೆಯನ್ನು ತಿದ್ದುಪಡಿ ಮಾಡಿ ಅದನ್ನೂ ಸೇರಿಸಿದ್ದು ಈ ಕಾರಣಕ್ಕೆ ಸರಿಯಾಗಿಯೇ ಇತ್ತು.

2020ರ ಜೂನ್ ಕೊನೆಯಲ್ಲಿ ನಡೆದ ಷೇರುದಾರರ ಸಭೆಯಲ್ಲಿ ನಿಂಟೆಂಡೊ ಅಧ್ಯಕ್ಷ ಶುಂತಾರೊ ಫುರುಕಾವಾ ಜಾಯ್-ಕಾನ್‌ನಿಂದ ಗ್ರಾಹಕರಿಗೆ ಆದ ತೊಂದರೆಗೆ ಕ್ಷಮೆ ಕೇಳಿದರು. ಅಮೆರಿಕದಲ್ಲಿ ದಾವೆ ನಡೆಯುತ್ತಿರುವುದರಿಂದ ಹೆಚ್ಚು ಮಾತಾಡಲಾಗದು ಎಂದೂ ಹೇಳಿದರು. ಕ್ಷಮೆ ಕೇಳಿದ್ದು ತೊಂದರೆಗೆ, ದೋಷಕ್ಕಲ್ಲ. ಕಾನೂನಿನ ಕಣ್ಣಿನಲ್ಲಿ ಎರಡರ ನಡುವೆ ದೊಡ್ಡ ಅಂತರವಿದೆ.

'ಒಪ್ಪಿದ್ದೇನೆ' ಗುಂಡಿಯ ಬೆಲೆ

ದಾವೆಯ ಕಾಲಕ್ಕೆ ಒಂದು ಜೊತೆ ಜಾಯ್-ಕಾನ್ ಬೆಲೆ ಅಮೆರಿಕದಲ್ಲಿ 79.99 ಡಾಲರ್ ಇತ್ತು. ಇಷ್ಟು ಹಣಕ್ಕಾಗಿ ಯಾವ ವಕೀಲನೂ ಒಬ್ಬ ಗ್ರಾಹಕನ ಪರ ಫೆಡರಲ್ ಕೋರ್ಟಿಗೆ ಬರುವುದಿಲ್ಲ. ಸ್ಟಿಕ್ ವಿನ್ಯಾಸದಲ್ಲಿ ದೋಷವಿದೆ ಎಂದು ಸಾಬೀತು ಮಾಡಲು ತಜ್ಞರು ಬೇಕು, ಪ್ರಯೋಗಾಲಯ ಬೇಕು, ಕಂಪನಿಯ ಒಳಗಿನ ಕಾಗದಪತ್ರಗಳನ್ನು ತರಿಸಿ ಓದಬೇಕು. ಆ ಖರ್ಚು ಒಬ್ಬನಿಗೆ ಅಸಾಧ್ಯ, ಲಕ್ಷಾಂತರ ಜನ ಒಂದಾದರೆ ಸಾಧ್ಯ. ಕ್ಲಾಸ್ ಆಕ್ಷನ್, ಅಂದರೆ ಎಲ್ಲರ ಪರವಾಗಿ ಒಂದೇ ದಾವೆ ಎಂಬ ವ್ಯವಸ್ಥೆಯ ಪ್ರಯೋಜನವೇ ಅದು.

ನಿಂಟೆಂಡೊದ ವಕೀಲರು ಹೊಡೆದದ್ದು ನೇರವಾಗಿ ಅಲ್ಲಿಗೆ. ಸ್ವಿಚ್ ಮೊದಲ ಬಾರಿ ಚಾಲೂ ಮಾಡುವಾಗ ಬಳಕೆದಾರರ ಒಪ್ಪಂದ ತೆರೆಯ ಮೇಲೆ ಬರುತ್ತದೆ. ಒಪ್ಪದೆ ಮುಂದೆ ಹೋಗಲಾಗದು. ಆ ಒಪ್ಪಂದದಲ್ಲಿ ಒಂದು ಷರತ್ತು: ವಿವಾದ ಬಂದರೆ ಕೋರ್ಟಿಗೆ ಬದಲು ಆರ್ಬಿಟ್ರೇಷನ್‌ಗೆ, ಅಂದರೆ ಖಾಸಗಿ ಮಧ್ಯಸ್ಥಗಾರರ ಮುಂದೆ ಹೋಗಬೇಕು. ಅಲ್ಲಿ ಪ್ರತಿಯೊಬ್ಬರೂ ಅವರವರ ಪರವಾಗಿ ಒಬ್ಬೊಬ್ಬರೇ ಹೋಗಬೇಕು, ಗುಂಪಾಗಿ ಅಲ್ಲ. ಒಪ್ಪಂದ ಮಾಡಿಕೊಂಡ 30 ದಿನದೊಳಗೆ ಕಂಪನಿಗೆ ಲಿಖಿತವಾಗಿ ಪತ್ರ ಕಳಿಸಿದರೆ ಈ ಷರತ್ತಿನಿಂದ ಹೊರಗುಳಿಯಬಹುದು ಎಂಬ ಸಾಲೂ ಅದರಲ್ಲಿದೆ. ಹೊಸ ಆಟದ ಯಂತ್ರ ಬಿಚ್ಚಿದ ಸಂಭ್ರಮದಲ್ಲಿ, ಒಂದು ವರ್ಷದ ನಂತರ ಬರಬಹುದಾದ ದೋಷಕ್ಕಾಗಿ ಅಂಚೆಯಲ್ಲಿ ಪತ್ರ ಹಾಕುವವರು ಯಾರು?

ಅಮೆರಿಕದ ಕಾನೂನು ಕಂಪನಿಯ ಪರ ಗಟ್ಟಿಯಾಗಿತ್ತು. 1925ರ ಫೆಡರಲ್ ಆರ್ಬಿಟ್ರೇಷನ್ ಕಾಯ್ದೆ ಇಂಥ ಷರತ್ತುಗಳನ್ನು ಮಾನ್ಯ ಮಾಡುತ್ತದೆ. ಅದನ್ನು ಗ್ರಾಹಕರ ವಿಷಯದಲ್ಲಿ ಉಕ್ಕಿನ ಗೋಡೆ ಮಾಡಿದ್ದು ಸುಪ್ರೀಂ ಕೋರ್ಟಿನ 2011ರ ತೀರ್ಪು. ಎಟಿ ಅಂಡ್ ಟಿ ಮೊಬಿಲಿಟಿ ಕಂಪನಿ 'ಉಚಿತ' ಫೋನ್ ಎಂದು ಹೇಳಿ ಮಾರಾಟ ತೆರಿಗೆಯೆಂದು 30.22 ಡಾಲರ್ ವಸೂಲು ಮಾಡಿದ್ದರಿಂದ ಹುಟ್ಟಿದ ಪ್ರಕರಣ ಅದು. ಗುಂಪು ದಾವೆಯ ಹಕ್ಕು ಬಿಟ್ಟುಕೊಡುವ ಷರತ್ತನ್ನು ಅನ್ಯಾಯವೆಂದು ತಳ್ಳಿಹಾಕುತ್ತಿದ್ದ ಕ್ಯಾಲಿಫೋರ್ನಿಯಾದ ನಿಯಮವನ್ನು ಐದು ನ್ಯಾಯಮೂರ್ತಿಗಳ ಬಹುಮತ ಬದಿಗೆ ಸರಿಸಿತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ 30 ಡಾಲರಿಗಾಗಿ ಒಬ್ಬೊಬ್ಬರೇ ಹೋರಾಡುವವರು ಎಲ್ಲಿದ್ದಾರೆ ಎಂಬ ಪ್ರಶ್ನೆಯನ್ನೇ ಎತ್ತಿದ್ದರು. ಜಾಯ್-ಕಾನ್ ಪ್ರಕರಣ ಬರುವ ಹೊತ್ತಿಗೆ ಆ ಪ್ರಶ್ನೆಗೆ ಕಾನೂನಿನಲ್ಲಿ ಜಾಗವಿರಲಿಲ್ಲ.

2020ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ನ್ಯಾಯಾಧೀಶರು ಆದೇಶ ಕೊಟ್ಟರು: ವಿವಾದ ಆರ್ಬಿಟ್ರೇಷನ್‌ಗೆ ಹೋಗಲಿ. ದಾವೆಯನ್ನು ವಜಾ ಮಾಡಿ ಎಂಬ ಕಂಪನಿಯ ಇನ್ನೊಂದು ಕೋರಿಕೆಯನ್ನು ಅವರು ಒಪ್ಪಲಿಲ್ಲ, ತಡೆಹಿಡಿದು ಇಟ್ಟರು. ತಾಂತ್ರಿಕವಾಗಿ ದಾವೆ ಬದುಕಿತ್ತು, ಆದರೆ ಅದರ ಜೀವವಾಗಿದ್ದ 'ಎಲ್ಲರ ಪರವಾಗಿ' ಎಂಬುದು ಅಲ್ಲಿಗೆ ಮುಗಿಯಿತು. ಆರ್ಬಿಟ್ರೇಷನ್ ಬಾಗಿಲು ಮುಚ್ಚಿ ನಡೆಯುತ್ತದೆ. ಅಲ್ಲಿ ಒಬ್ಬರು ಗೆದ್ದರೂ ಪಕ್ಕದವರಿಗೆ ಅದರಿಂದ ಆಧಾರ ಸಿಗುವುದಿಲ್ಲ. ಕಂಪನಿಯ ಪ್ರಯೋಗಾಲಯದ ಸವೆತ ಪರೀಕ್ಷೆಗಳು ಏನು ಹೇಳಿದ್ದವು, ಯಾವ ವರ್ಷ ಯಾರಿಗೆ ಗೊತ್ತಾಯಿತು ಎಂಬುದೆಲ್ಲ ತೆರೆದ ನ್ಯಾಯಾಲಯದಲ್ಲಿ ಬರುವ ಸಾಧ್ಯತೆ ಹೋಯಿತು. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ನಿಜವಾದ ನಷ್ಟ ಇದು. ಹಣ ಎರಡನೆಯದು. ಕಂಪನಿಗೆ ಗೊತ್ತಿತ್ತೇ ಎಂಬುದಕ್ಕೆ ಪುರಾವೆ ಸಿಗಬಹುದಾಗಿದ್ದ ಒಂದೇ ಜಾಗವನ್ನು ಗ್ರಾಹಕರು ಕಳೆದುಕೊಂಡರು.

ಮಕ್ಕಳು ಒಪ್ಪಿಗೆ ಕೊಟ್ಟಿದ್ದರೇ?

ಎರಡನೆಯ ಪ್ರಯತ್ನ 2020ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಉತ್ತರ ಜಿಲ್ಲಾ ಫೆಡರಲ್ ನ್ಯಾಯಾಲಯದಲ್ಲಿ ನಡೆಯಿತು. ಈ ಬಾರಿ ಹೋರಾಟದಲ್ಲಿ ಮಕ್ಕಳೂ ಇದ್ದರು. ವಕೀಲರ ದಾರಿ ಜಾಣ್ಮೆಯದ್ದು: ಆಟ ಆಡುವುದು ಮಗು, ಯಂತ್ರ ಮಗುವಿನದ್ದು, ಅಪ್ರಾಪ್ತ ವಯಸ್ಸಿನವರು ಮಾಡಿಕೊಂಡ ಒಪ್ಪಂದವನ್ನು ಅವರು ತಿರಸ್ಕರಿಸಬಹುದು ಎಂಬುದು ಹಳೆಯ ಕಾನೂನು, ಹಾಗಿದ್ದಮೇಲೆ ಆರ್ಬಿಟ್ರೇಷನ್ ಷರತ್ತು ಇವರನ್ನು ಕಟ್ಟಿಹಾಕಲಾರದು.

ಅದೂ ಫಲಿಸಲಿಲ್ಲ. ಷರತ್ತು ಯಾರಿಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆಯೇ ಆರ್ಬಿಟ್ರೇಟರ್ ಮುಂದೆ ಹೋಯಿತು, ಪೋಷಕರು ಒಪ್ಪಂದಕ್ಕೆ ಬದ್ಧರು ಎಂದು ಅಲ್ಲಿ ತೀರ್ಮಾನವಾಯಿತು. ಮಕ್ಕಳ ಹೆಸರಿನಲ್ಲಿ ಮುಂದುವರಿಯುವ ಯತ್ನವನ್ನು ನ್ಯಾಯಾಲಯ ಒಪ್ಪದೆ 2022ರ ಕೊನೆಯಲ್ಲಿ ದಾವೆಯನ್ನು ವಜಾ ಮಾಡಿತು. ದುಡ್ಡು ಕೊಟ್ಟ ದೊಡ್ಡವರು ಗುಂಡಿ ಒತ್ತಿ ಹಕ್ಕು ಕಳೆದುಕೊಂಡರು. ಗುಂಡಿ ಒತ್ತದ ಮಕ್ಕಳಿಗೆ ಕೊಂಡವರ ಹಕ್ಕು ದಕ್ಕಲಿಲ್ಲ. ಎರಡು ಕಡೆಯಿಂದಲೂ ಬಾಗಿಲು ಮುಚ್ಚಿಕೊಂಡಿತು. ಮಕ್ಕಳಿಗೆಂದೇ ಮಾರುವ ವಸ್ತುವಿನ ವಿಷಯದಲ್ಲಿ ಇಂಥ ಫಲಿತಾಂಶ ನ್ಯಾಯವೆಂದು ನನಗೆ ಅನಿಸುವುದಿಲ್ಲ.

ಯುರೋಪಿನಲ್ಲಿ ಬೇರೆ ದಾರಿ

ಯುರೋಪಿನಲ್ಲಿ ಇದೇ ತೊಂದರೆಯನ್ನು ಎತ್ತಿಕೊಂಡವರು ಒಬ್ಬೊಬ್ಬ ಗ್ರಾಹಕರಲ್ಲ, ಗ್ರಾಹಕ ಸಂಸ್ಥೆಗಳು. ಫ್ರಾನ್ಸಿನ ಯುಎಫ್‌ಸಿ-ಕ್ಯೂ ಶ್ವಾಸಿರ್ 2020ರ ಸೆಪ್ಟೆಂಬರ್‌ನಲ್ಲಿ ಕ್ರಿಮಿನಲ್ ದೂರನ್ನೇ ಕೊಟ್ಟಿತು. ವಸ್ತುವಿನ ಆಯುಷ್ಯವನ್ನು ಬೇಕೆಂದೇ ಮೊಟಕುಗೊಳಿಸುವುದು ಆ ದೇಶದಲ್ಲಿ 2015ರಿಂದ ಅಪರಾಧ. ಎರಡು ವರ್ಷ ಜೈಲು, 3 ಲಕ್ಷ ಯೂರೊ ದಂಡದವರೆಗೆ ಶಿಕ್ಷೆ ಇದೆ. ಬೇಕೆಂದೇ ಎಂಬುದನ್ನು ಸಾಬೀತು ಮಾಡುವುದು ತುಂಬ ಕಷ್ಟ. ಆದರೂ ದೂರು ಕೊಟ್ಟದ್ದರಿಂದ ವಿಷಯ ವಾರಂಟಿಯ ಸಣ್ಣ ಅಕ್ಷರಗಳಿಂದ ಹೊರಬಂದು ಸಾರ್ವಜನಿಕ ಪ್ರಶ್ನೆಯಾಯಿತು.

2021ರ ಜನವರಿ 27ರಂದು ಯುರೋಪಿನ ಗ್ರಾಹಕ ಸಂಸ್ಥೆಗಳ ಒಕ್ಕೂಟ ಬಿಇಯುಸಿ ಯುರೋಪಿಯನ್ ಕಮಿಷನ್ ಮತ್ತು ರಾಷ್ಟ್ರೀಯ ಗ್ರಾಹಕ ಪ್ರಾಧಿಕಾರಗಳಿಗೆ ದೂರು ಸಲ್ಲಿಸಿತು. ಸದಸ್ಯ ಸಂಸ್ಥೆಗಳು ಜನರಿಂದ ಸಂಗ್ರಹಿಸಿದ ಸುಮಾರು 25,000 ದೂರುಗಳು ಅದರ ಬೆನ್ನಿಗಿದ್ದವು. ಜನ ಬರೆದುಕೊಂಡಂತೆ 88 ಶೇಕಡಾ ಪ್ರಕರಣಗಳಲ್ಲಿ ಕಂಟ್ರೋಲರ್ ಕೆಟ್ಟದ್ದು ಮೊದಲ ಎರಡು ವರ್ಷದೊಳಗೆ. ಇವರು ತಾವಾಗಿ ಮುಂದೆ ಬಂದು ದೂರು ಕೊಟ್ಟವರು, ಆದ್ದರಿಂದ ಒಟ್ಟು ಎಷ್ಟು ಜಾಯ್-ಕಾನ್ ಕೆಡುತ್ತವೆ ಎಂದು ಈ ಅಂಕಿಯಿಂದ ಹೇಳಬಾರದು. ಅದು ಹೇಳುವುದು ಕೆಟ್ಟವು ಎಷ್ಟು ಬೇಗ ಕೆಟ್ಟವು ಎಂಬುದನ್ನು. ಆ ಎರಡು ವರ್ಷಕ್ಕೆ ಯುರೋಪಿನಲ್ಲಿ ವಿಶೇಷ ಅರ್ಥವಿದೆ. ಮಾರಿದ ವಸ್ತುವಿಗೆ ಕನಿಷ್ಠ ಎರಡು ವರ್ಷದ ಹೊಣೆಯನ್ನು ಅಲ್ಲಿನ ಕಾನೂನೇ ಮಾರಾಟಗಾರನ ಮೇಲೆ ಹೊರಿಸುತ್ತದೆ. ಕಂಪನಿ ಬರೆದುಕೊಡುವ ವಾರಂಟಿ ಅದಕ್ಕೆ ಹೆಚ್ಚುವರಿ ಮಾತ್ರ.

ದೂರು ಕೊಟ್ಟು ಎರಡು ವರ್ಷವಾದ ಮೇಲೆ, 2023ರ ವಸಂತದಲ್ಲಿ ಫಲ ಬಂತು. ಯುರೋಪಿಯನ್ ಆರ್ಥಿಕ ವಲಯ, ಬ್ರಿಟನ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಕೊಂಡ ಯಂತ್ರಗಳಿಗೆ ಸ್ಟಿಕ್ ತೊಂದರೆ ಬಂದರೆ ತನ್ನ ರಿಪೇರಿ ಕೇಂದ್ರಗಳಲ್ಲಿ ಉಚಿತವಾಗಿ ಸರಿಮಾಡಿಕೊಡುವುದಾಗಿ ನಿಂಟೆಂಡೊ ಬಹಿರಂಗವಾಗಿ ಪ್ರಕಟಿಸಿತು. ತೊಂದರೆ ಸವೆತದಿಂದ ಬಂದಿದ್ದರೂ ಸರಿ, 24 ತಿಂಗಳ ವಾರಂಟಿ ಮುಗಿದಿದ್ದರೂ ಸರಿ ಎಂದು ಬರೆದುಕೊಟ್ಟಿತು. 'ಸವೆತದಿಂದ ಬಂದಿದ್ದರೂ' ಎಂಬ ಆ ಮಾತನ್ನು ನಾನು ಈ ಇಡೀ ಕಥೆಯ ದೊಡ್ಡ ಗೆಲುವು ಎಂದು ಎಣಿಸುತ್ತೇನೆ. ಸವೆತಕ್ಕೆ ನಾವು ಹೊಣೆಯಲ್ಲ ಎಂಬುದು ಪ್ರತಿ ವಾರಂಟಿಯಲ್ಲೂ ಇರುವ ಸಾಲು. ಟೈರಿನ ವಾದಕ್ಕೆ ಆಧಾರವೂ ಅದೇ. ಆ ಒಂದು ಸಾಲನ್ನು ಬಿಟ್ಟುಕೊಟ್ಟರೆ ದೋಷವೋ ಸವೆತವೋ ಎಂದು ಗ್ರಾಹಕ ವಾದ ಮಾಡಬೇಕಾದ ಅಗತ್ಯವೇ ಬೀಳುವುದಿಲ್ಲ.

ಆದರೂ 'ಮುಂದಿನ ಪ್ರಕಟಣೆಯವರೆಗೆ' ಎಂಬ ಮಾತು ಆ ಪ್ರಕಟಣೆಯಲ್ಲಿ ಇದೆ ಎಂಬುದನ್ನು ಮರೆಯಬಾರದು.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲೂ 2020ರ ನವೆಂಬರ್‌ನಲ್ಲಿ ಗುಂಪು ದಾವೆಗೆ ಅನುಮತಿ ಕೋರಿ ಅರ್ಜಿ ಸಲ್ಲಿಕೆಯಾಯಿತು. ಅಲ್ಲಿನ ಗ್ರಾಹಕ ರಕ್ಷಣಾ ಕಾಯ್ದೆಯನ್ನು ಅಮೆರಿಕದ ಪಕ್ಕದಲ್ಲಿಟ್ಟು ನೋಡಬೇಕು. ವಿವಾದವನ್ನು ಆರ್ಬಿಟ್ರೇಷನ್‌ಗೇ ಒಯ್ಯಬೇಕು, ಗುಂಪು ದಾವೆಗೆ ಸೇರಬಾರದು ಎಂಬ ಷರತ್ತುಗಳನ್ನು ಗ್ರಾಹಕರ ಮೇಲೆ ಹೇರುವುದನ್ನೇ ಆ ಕಾಯ್ದೆ ನಿಷೇಧಿಸುತ್ತದೆ. ವಸ್ತು ಸಾಮಾನ್ಯ ಬಳಕೆಯಲ್ಲಿ ಅದರ ಬೆಲೆಗೆ ತಕ್ಕಷ್ಟು ಕಾಲ ಬಾಳಬೇಕು ಎಂದೂ ಹೇಳುತ್ತದೆ. ಅದೇ ಕಂಟ್ರೋಲರ್, ಅದೇ ಕಾರ್ಬನ್ ಪಟ್ಟಿ, ಅದೇ 'ಒಪ್ಪಿದ್ದೇನೆ' ಗುಂಡಿ. ಗಡಿಯ ದಕ್ಷಿಣಕ್ಕೆ ಆ ಗುಂಡಿ ಪ್ರಕರಣವನ್ನೇ ಮುಗಿಸುತ್ತದೆ, ಉತ್ತರಕ್ಕೆ ಅದಕ್ಕೆ ಬೆಲೆಯೇ ಇಲ್ಲ. ಅಮೆರಿಕದ ಗ್ರಾಹಕರು ಸೋತದ್ದು ವಾದ ದುರ್ಬಲವಾಗಿದ್ದರಿಂದ ಎಂದು ಯಾರಾದರೂ ಹೇಳಿದರೆ ಈ ಹೋಲಿಕೆಯನ್ನು ಅವರ ಮುಂದಿಡಬೇಕು.

ಈಗ ಕೈಯಲ್ಲಿರುವುದು

2025ರ ಜೂನ್ 5ರಂದು ಸ್ವಿಚ್ 2 ಮಾರುಕಟ್ಟೆಗೆ ಬಂತು. ಅದರ ಸ್ಟಿಕ್‌ಗಳನ್ನು ಹೊಸದಾಗಿ ವಿನ್ಯಾಸ ಮಾಡಿದ್ದೇವೆ ಎಂದು ಕಂಪನಿ ಹೇಳಿದೆ, ಅವು ಹಾಲ್ ಎಫೆಕ್ಟ್ ಸ್ಟಿಕ್‌ಗಳಲ್ಲ ಎಂದೂ ಒಪ್ಪಿಕೊಂಡಿದೆ. ಹಳೆಯ ದಾವೆಯಲ್ಲಿ ವಿನ್ಯಾಸದ ಬಗ್ಗೆ ತೀರ್ಪು ಬಂದಿದ್ದರೆ ಈ ಆಯ್ಕೆ ಹೇಗಿರುತ್ತಿತ್ತೋ ಹೇಳಲಾಗದು. ತೀರ್ಪು ಇಲ್ಲದಿರುವುದರಿಂದ ಆಯ್ಕೆ ಪೂರ್ತಿಯಾಗಿ ಕಂಪನಿಯ ಕೈಯಲ್ಲೇ ಉಳಿದಿದೆ.

ಡ್ರಿಫ್ಟ್ ಬಂದಾಗ ಮಾಡಬಹುದಾದ ಕೆಲಸಗಳೂ ಈ ಪ್ರಕರಣದಿಂದ ಸ್ಪಷ್ಟವಾಗುತ್ತವೆ. ಸ್ಟಿಕ್ ಮುಟ್ಟದೆ ಟೇಬಲ್ ಮೇಲಿಟ್ಟು, ಕ್ಯಾಲಿಬ್ರೇಷನ್ ಪರದೆಯಲ್ಲಿ ಗುರುತು ತಾನಾಗಿ ಸರಿಯುವುದನ್ನು ವಿಡಿಯೊ ಮಾಡಿಟ್ಟುಕೊಳ್ಳಿ. ಬರೀ ಮಾತಿಗಿಂತ ಅದು ಗಟ್ಟಿ ಪುರಾವೆ. ಕಂಟ್ರೋಲರ್ ಬಿಚ್ಚುವ ಮೊದಲು ಕಂಪನಿಗೆ ಬರೆಯಿರಿ, ಏಕೆಂದರೆ ಬಿಚ್ಚಿದ್ದನ್ನೇ ನೆಪ ಮಾಡಿ ವಾರಂಟಿ ನಿರಾಕರಿಸಬಹುದು. ಕೊಂಡ ದೇಶದ ಕಾನೂನು ಕಂಪನಿಯ ವಾರಂಟಿಗಿಂತ ಹೆಚ್ಚು ಕೊಡುತ್ತದೆಯೇ ಎಂದು ವಿಚಾರಿಸಿ, ಮಾರಾಟಗಾರನನ್ನೇ ಕೇಳಿ. ಗ್ರಾಹಕ ಸಂಸ್ಥೆ ದೂರು ಸಂಗ್ರಹಿಸುತ್ತಿದ್ದರೆ ನಿಮ್ಮದನ್ನೂ ಸೇರಿಸಿ. ಬಿಇಯುಸಿಗೆ ಬಲ ಬಂದದ್ದು ಹಾಗೆ ಬರೆದ ಸಾವಿರಾರು ಜನರಿಂದ. ಅಮೆರಿಕದಲ್ಲಿ ಹೊಸ ಯಂತ್ರ ಕೊಂಡವರು ಒಪ್ಪಂದದ ಆರ್ಬಿಟ್ರೇಷನ್ ಭಾಗವನ್ನು ಹುಡುಕಿ ಓದಬೇಕು. ಹೊರಗುಳಿಯುವ ಅವಕಾಶ ಅಲ್ಲಿದ್ದರೆ ಒಂದು ಹಾಳೆಯ ಪತ್ರ ಸಾಕು. ಹೆಸರು, ವಿಳಾಸ, ಈ ಷರತ್ತಿಗೆ ನನ್ನ ಒಪ್ಪಿಗೆ ಇಲ್ಲ ಎಂಬ ವಾಕ್ಯ ಬರೆದು ಗಡುವಿನೊಳಗೆ ಅಂಚೆಗೆ ಹಾಕಿ, ಕಳಿಸಿದ ರಸೀದಿಯನ್ನು ಯಂತ್ರದ ಬಿಲ್ಲಿನ ಜೊತೆಗೇ ಇಟ್ಟುಕೊಳ್ಳಬೇಕು.